ಒಂಬತ್ತನೇ ಹಾಸಿಗೆ

ಮಾರ್ಚ್ ೧೨
ಆಸ್ಪತ್ರೆಯ ಮೆಟ್ಟಿಲ ಮೇಲಿಂದ

ಪ್ರೀತಿಯ ಅಕ್ಕನಿಗೆ,

ಈ ಪತ್ರ ಸಿಕ್ಕ ಕೂಡಲೇ ಹೊರಟು ಬಾ. ಅಪ್ಪನಿಗಾಗಿ ಅಲ್ಲ, ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗಲಿಕ್ಕೆ. ನನಗೆ ಸಾಕುಸಾಕಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿಯಾನಿಸಿಕೊಂಡು ಕೂತಿರುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ಟೈಲರ್ ಅಂಗಡಿಯಲ್ಲೇ ಕುಸಿದು ಬಿದ್ದ ಅಪ್ಪ ಇನ್ನೂ ಕಣ್ಣು ಬಿಟ್ಟಿಲ್ಲ. ಐಸಿಯು ಒಳಗೆ ಯಾರನ್ನೂ ಬಿಡುವುದಿಲ್ಲ, ಗಾಜಿನಾಚೆಯಿಂದ ನೋಡಬೇಕು. ಅಮ್ಮ ಆ ಗಾಜಿಗೆ ಹಣೆ ಒತ್ತಿ ನಿಂತಳೆಂದರೆ ಮುಗಿಯಿತು. ಕೈಮುಗಿಯುವುದಲ್ಲ ಅಕ್ಕಾ, ದೇವರ ಜೊತೆ ಜಗಳ! ಯಾರದೋ ಮದುವೆ ಕೋಟು ಕತ್ತರಿಸಿಟ್ಟು ಮಲಗಿಬಿಟ್ಟಿದಾರೆ, ನಿನಗೆ ಕಾಣಲ್ವಾ, ಎಬ್ಬಿಸು ಅಂತ ಗದರುತ್ತಾಳೆ. ನರ್ಸು ಸದ್ದು ಮಾಡಬೇಡಿ ಅಂದರೆ, ನಿನ್ನ ಜೊತೆ ಅಲ್ಲಮ್ಮ ನಾನು ಮಾತಾಡ್ತಿರೋದು ಅನ್ನುತ್ತಾಳೆ. ನಾನೋ, ಆ ಗಾಜಿನ ಹತ್ತಿರ ಹೋದವಳೇ ಅಲ್ಲ. ಇಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ.

ಅದೂ ಹೋಗಲಿ. ಮೊನ್ನೆ ಡಾಕ್ಟರ್ ಬಂದು ಅಪ್ಪನ ಹಾಸಿಗೆ ತೋರಿಸಿದಾಗ ಗೊತ್ತಾಯಿತು, ಅಮ್ಮ ಇಷ್ಟು ದಿನ ಜಗಳವಾಡಿದ್ದು ನಾಲ್ಕನೇ ಹಾಸಿಗೆಯವನಿಗಾಗಿ. ಅಪ್ಪ ಇರುವುದು ಒಂಬತ್ತರಲ್ಲಿ! ಎಲ್ಲರ ಮುಖಕ್ಕೂ ಆಕ್ಸಿಜನ್ ಮಾಸ್ಕು, ಕಾಣುವುದು ಹೊದಿಕೆಯಾಚೆ ಚಾಚಿದ ಅಂಗಾಲು ಮಾತ್ರ. ಹೊಲಿಗೆ ಮೆಷಿನ್ ತುಳಿದು ದಡ್ಡುಗಟ್ಟಿದ ಕಾಲು ನನಗೆ ಗೊತ್ತಾಗಲ್ವೇನೇ ಅಂತ ವಾದ ಬೇರೆ. ಅದು ಯಾವನೋ ಲಾರಿ ಡ್ರೈವರನ ಕಾಲು, ಬರಿಗಾಲಲ್ಲಿ ಬ್ರೇಕು ತುಳಿದು ದಡ್ಡುಗಟ್ಟಿದ್ದು. ಪಾಪ, ಅವನನ್ನು ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ನಿನ್ನೆ ಆ ಡ್ರೈವರ್ ಎದ್ದು ಕೂತು ಬ್ರೆಡ್ಡು ತಿಂದ. ನನಗೆ ಮೈಯೆಲ್ಲ ಉರಿದುಹೋಯಿತು. ನೋಡಿದೆಯಾ ನಿನ್ನ ದೇವರ ಕೆಲಸ ಅಂತ ಅಮ್ಮನ ಮೇಲೆ ರೇಗಿದೆ. ಅವಳ ಮುಖವೋ ಇಷ್ಟಗಲ ಅರಳಿತು. ನಾನು ಹೇಳಿದ್ದು ಕೇಳಿಸಿದೆ ಅಂತಾಯ್ತಲ್ಲೇ, ಇನ್ನು ಹಾಸಿಗೆ ನಂಬರ್ ಸರಿಯಾಗಿ ಹೇಳಿದ್ರೆ ಆಯ್ತು ಅಂದಳು. ಇಂಥವಳ ಹತ್ತಿರ ಏನು ಮಾತಾಡುವುದು ಹೇಳು! ಆಮೇಲೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಾ ಮಲಗಿದಳು. ಕಣ್ಣಿಗೆ ನಿದ್ದೆ ಹತ್ತದೆ ಒದ್ದಾಡುವವಳು ನಾನು.

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ನಿನಗೇ ಗೊತ್ತು. ಅಪ್ಪ ಏಳದಿದ್ದರೆ ಇವಳನ್ನು ಹಿಡಿಯುವವರು ಯಾರು? ಅದೇ ಭಯ ನನಗೆ. ಬೇಗ ಬಾ.

ನಿನ್ನ
ಸಿಡುಕಿ ತಂಗಿ

ತಾ.ಕ.: ಪತ್ರ ಮಡಿಸುವ ಹೊತ್ತಿಗೆ ಅಮ್ಮ ಸ್ನಾನಕ್ಕೆಂದು ಮನೆಗೆ ಹೊರಟಳು. ಗಾಜಿನ ಹತ್ತಿರ ಯಾರಾದ್ರೂ ಇರಬೇಕು ಕಣೇ ಅಂದಳು. ಗೊಣಗಿಕೊಂಡೇ ಹೋಗಿ ನಿಂತೆ. ಅಪ್ಪನ ಕಾಲು ಎಷ್ಟು ಬಡವಾಗಿದೆ ಅಕ್ಕಾ. ಒಂಬತ್ತನೇ ಹಾಸಿಗೆ, ಒಂಬತ್ತು ಅಂತ ಗಟ್ಟಿಯಾಗಿ ಎರಡೆರಡು ಸಲ ಹೇಳಿದೆ. ನರ್ಸು ಗದರಿದಳು. ನಿಮ್ಮ ಜೊತೆ ಅಲ್ಲ ನಾನು ಮಾತಾಡ್ತಿರೋದು ಅಂದುಬಿಟ್ಟೆ. ಅಮ್ಮನಿಗೆ ಮಾತ್ರ ಹೇಳಬೇಡ.