ನಗೆಗಾಳಿಯ ಬೋಲ್ಟು

ಸಿರಾ, ೧೨-೭-೧೯೮೪

ಪಾವಗಡ ಸ್ಟ್ಯಾಂಡಿನ ಹಿರಿಯ ಟ್ಯಾಕ್ಸಿ ಸಾರಥಿಗಳಾದ ಅಪ್ಪನವರ ಪಾದಗಳಿಗೆ, ಮುಖ್ಯವಾಗಿ ಆಕ್ಸಿಲರೇಟರ್ ತುಳಿಯುವ ಬಲಪಾದಕ್ಕೆ, ಮಗ ಸಣ್ಣರಂಗನ ನಮಸ್ಕಾರಗಳು.

"ಕಾರು ನಲವತ್ತು ದಾಟಲ್ಲ, ಗ್ಯಾಸು ಖಾಲಿಯಾಗೈತೆ, ಭಾನುವಾರ ಮಾರ್ಬುಡ್ತೀನಿ" ಅಂದಿರಂತೆ. ತಂಗಿ ಈಶ್ವರಿ ಬರೆದಿದ್ದಾಳೆ. ದಯಮಾಡಿ ಮಾರಬೇಡಿ. ವೇಗ ಹೆಚ್ಚಿಸುವ ಗ್ಯಾಸು ಹಾಕಿದ್ದೇನೆ ಎಂದಿದ್ದೆನಲ್ಲ, ಅದು ಖಾಲಿಯಾಗಿಲ್ಲ, ನಾನು ಹಾಕಿಯೇ ಇರಲಿಲ್ಲ.

ನಮ್ಮ ಗ್ಯಾರೇಜಿನ ಖಲೀಲ್ ಸಾಬರು ದುಬೈಯಲ್ಲಿ ರೇಸ್ ಕಾರು ರಿಪೇರಿ ಮಾಡಿ ಬಂದವರು. ಅಲ್ಲಿ ಇಂಜಿನ್ನು ಇಷ್ಟು ಸುತ್ತು ತಿರುಗಿದ ಮೇಲೆ ವೇಗ ಇನ್ನೂ ಏರಲೆಂದು ನಗೆಗಾಳಿ ಎಂಬ ಗ್ಯಾಸು ಬಿಡುತ್ತಾರಂತೆ, ಇಂಜಿನ್ನು ಸಿಡಿಯುವಷ್ಟು ತಿರುಗುವ ಮೊದಲೇ ತಡೆಯುತ್ತಾರಂತೆ. "ಬಿಡೋದು ಯಾರಾದ್ರೂ ಮಾಡ್ತಾರೆ ಬೇಟಾ, ತಡೆಯೋದೇ ಕಸುಬು" ಅಂದರು. ನಿಮಗೆ ಗ್ಯಾಸು ಬಿಡುವುದನ್ನು ಹಾಕಿದ್ದೇನೆಂದು ಹೇಳಿ, ವೇಗ ತಡೆಯುವುದನ್ನು ಹಾಕಿದೆ. ಕಾಲಡಿಯ ಮ್ಯಾಟು ಎತ್ತಿ ನೋಡಿ. ಅಲ್ಲೊಂದು ಬೋಲ್ಟಿದೆ, ಪೆಡಲು ಅದಕ್ಕೆ ತಾಗಿ ನಿಲ್ಲುತ್ತದೆ.

"ನನ್ ಕಾರಿಗೆ ನಗೆಗಾಳಿ ಐತೆ ಕಣ್ಲಾ" ಎಂದು ನೀವು ಸಾರಿದ್ದರಿಂದ ಈಗ ಸ್ಟ್ಯಾಂಡೆಲ್ಲ ನಗುತ್ತಿದೆ. ಅದಕ್ಕೆ ಕ್ಷಮೆಯಿರಲಿ.

ಬೋಲ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಯುಗಾದಿ ಮಾರನೇ ದಿನ ಮಧುಗಿರಿ ರಸ್ತೆಯಲ್ಲಿ ಎದುರಿಗಿದ್ದ ಕುರಿಹಿಂಡನ್ನು ನೀವು "ಮೋಡದ ನೆರಳು" ಅಂದಿರಿ. ಸ್ಟೀರಿಂಗ್ ಎಳೆದವನು ನಾನು. ಹಿಂಡಿನ ಹಿಂದೆ ಒಬ್ಬ ಹೆಂಗಸಿದ್ದಳು, ಅಪ್ಪ.

ಮಧುಗಿರಿಗೆ ಕಣ್ಣಿನ ಡಾಕ್ಟರು ಮಂಗಳವಾರ ಬರುತ್ತಾರೆ. ನಾನು ಬಂದು ಕಾರು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ಬೈಯಿರಿ. ಅಲ್ಲಿಯವರೆಗೆ ಕಾರು ಮನೆ ಮುಂದೆಯೇ ಇರಲಿ.

ಬೋಲ್ಟು ಬಿಚ್ಚುವ ಸ್ಪ್ಯಾನರು ಈ ಕಾಗದ ಓದಿ ಹೇಳುತ್ತಿರುವ ಈಶ್ವರಿಯ ಹತ್ತಿರ ಇದೆ. ಇದನ್ನು ನೀವೇ ಓದಿದ ದಿನ ಕೊಡುತ್ತಾಳೆ.

ನಿಮ್ಮ ಆಜ್ಞಾಧಾರಕನಲ್ಲದ,
ಸಣ್ಣರಂಗ