ರಸ್‌ನ ಒಂಟಿಗೈ ಕೋಲು

ಟೆಲ್ಕ್ವಾ
ಅಕ್ಟೋಬರ್ 12, 1996

ಪ್ರೀತಿಯ ನೊರೀನ್,

ಹೇಗಿದ್ದೀಯೆ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬೈಯುವುದಾದರೆ ಬೈ, ಆದರೆ ಪೂರ್ತಿ ಓದಿ ಆಮೇಲೆ ಬೈ. ಫೋನ್ ಮಾಡೋಣವೆಂದರೆ ಹೆಂಕ್ ಮನೆಯಲ್ಲಿದ್ದಷ್ಟು ಹೊತ್ತೂ ಫೋನಿರುವ ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಈಗ ನದಿಯ ದಡದಲ್ಲಿ ಟ್ರಕ್ಕಿನೊಳಗೆ ಕೂತು ಬರೆಯುತ್ತಿದ್ದೇನೆ. ಅವನೋ, ನನ್ನ ಗಂಡ, ಎದೆಮಟ್ಟ ನೀರಿನಲ್ಲಿ ನಿಂತಿದ್ದಾನೆ. ಪೊದೆಗಳ ಮೇಲಿಂದ ಅವನ ಟೋಪಿ, ಹೆಗಲು ಮಾತ್ರ ಕಾಣುತ್ತವೆ. ಎರಡು ಸಾಲಿಗೊಮ್ಮೆ ತಲೆಯೆತ್ತಿ ನೋಡುತ್ತೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಎಲ್ಲ ಆ ಗಾಳದ ಕೋಲಿನಿಂದ. ರಸ್ ಹೋದ ಮೇಲೆ, ನೆನಪಿಗಿರಲಿ ಎಂದು ನೀನು ಹೆಂಕ್‌ಗೆ ಕೊಟ್ಟೆಯಲ್ಲ, ನಿನ್ನ ಗಂಡನ ಒಂಬತ್ತಡಿಯ ಒಂಟಿಗೈ ಕೋಲು, ಅದೇ. ಅದನ್ನು ಬೀಸಬೇಕಾದರೆ ದಾರ ಬೆನ್ನ ಹಿಂದೆ ಅಷ್ಟುದ್ದ ಹಾರಬೇಕು. ನಮ್ಮ ದಡದ ತುಂಬ ಮರ. ಹಿಂದೆ ಜಾಗ ಸಿಗುವವರೆಗೂ ನೀರೊಳಗೆ ಇಳಿಯುತ್ತಲೇ ಹೋಗಬೇಕು. ಈ ಮಡು ರಸ್‌ನನ್ನು ಎಳೆದುಕೊಂಡದ್ದು ಹಾಗೆಯೇ ಎಂದು ನಿನಗೆ ನಾನು ಹೇಳಬೇಕೆ?

ಅದಕ್ಕೇ ಡಾರ್ಸಿಯ ಗಾಳದಂಗಡಿಗೆ ಹೋದೆ. "ಸ್ಟೀಲ್‌ಹೆಡ್ ಮೀನಿಗೋ, ದೊಡ್ಡ ಸಾಲ್ಮನ್‌ಗೋ?" ಅಂತ ಕೇಳಿದ.

"ಗಂಡ ಬದುಕಿ ಮನೆಗೆ ಬರೋದಕ್ಕೆ."

ಅವನು ನಗಲಿಲ್ಲ. "ಹಂಗಾದ್ರೆ ಇದು ತಗೊಳ್ಳಿ. ಹದಿಮೂರಡಿ, ಎರಡೂ ಕೈಲಿ ಹಿಡಿಯೋದು. ಗಟ್ಟಿತನದಲ್ಲಿ ಎಂಟನೇ ನಂಬರು, ಸ್ಟೀಲ್‌ಹೆಡ್‌ಗೆ ಸರಿಯಾಗುತ್ತೆ. ದೊಡ್ಡ ಸಾಲ್ಮನ್ ಆದ್ರೆ ಹತ್ತು ಬೇಕು. ಇದ್ರಲ್ಲಿ ದಾರನ ಹಿಂದಕ್ಕೆ ಹಾರಿಸೋ ತಾಪತ್ರಯನೇ ಇಲ್ಲ, ಎದುರಿನ ನೀರಿಂದಲೇ ಎತ್ತಿ ಎಸೀಬೋದು. ಮೊಣಕಾಲು ನೀರಲ್ಲಿ ನಿಂತ್ರೂ ಸಾಕು."

ಮನೆಗೆ ತಂದೆ. ಹೆಂಕ್ ಬಿಚ್ಚಿ ನೋಡಿ, "ಏನೇ ಇದು, ಬಟ್ಟೆ ಒಣಗಿಹಾಕೋಕಾ?" ಅಂದ.

"ಹೂಂ, ನಿನ್ನ ಬಟ್ಟೇನೇ! ದಿನಾ ಎದೆತನಕ ನೆನೆಸ್ಕೊಂಡು ಬರ್ತೀಯಲ್ಲ. ಹಿಡಿದು ವಾಪಸ್ ನೀರಿಗೇ ಬಿಡೋ ಮೀನಿಗೆ ಯಾರಾದ್ರೂ ಪ್ರಾಣ ಕೊಡ್ತಾರಾ?"

"ರಸ್ ಕೋಲಿಗೆ ಒಂದು ಮೀನು ಬೀಳ್ಲಿ ವಿಲ್ಮಾ, ಒಂದೇ ಒಂದು. ಆಮೇಲೆ ನೀನು ಹೇಳಿದ ಕೋಲು ಹಿಡೀತೀನಿ." ಹೊಸ ಕೋಲನ್ನು ಗೋಡೆಗೆ ಒರಗಿಸಿಟ್ಟು ಹೇಳಿದ, "ಆವತ್ತು ಮೊದಲು ನೀರಿಗಿಳಿಯೋ ಸರದಿ ನಂದು ಕಣೇ. ನಾನೇ ಅವನಿಗೆ ಬಿಟ್ಟುಕೊಟ್ಟೆ."

ಗೆಳೆಯನಿಗೆ ಮಡುವಿನ ಮೊದಲ ಸರದಿ ಬಿಟ್ಟುಕೊಡುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಗಂಡಸರಿಗೆ ಗೊತ್ತಿದೆಯೇ? ಅದನ್ನೂ ಪಾಪವೆಂದು ತಲೆ ಮೇಲೆ ಹೊತ್ತುಕೊಂಡರೆ ನಾನೇನು ಮಾಡಲಿ? ಅಳುವೂ ಬಂತು, ಸಿಟ್ಟೂ ಬಂತು.

ನಿನ್ನೆ ಬೆಟ್ಟದ ಕಡೆ ಜೋರು ಮಳೆಯಾಗಿದೆ. ಬೆಳಿಗ್ಗೆ ಒಣಗಿದ್ದ ಕಲ್ಲುಗಳು ಮುಳುಗಿವೆ. ಈಗ ಹಾರ್ನ್ ಒತ್ತಿದೆ. ತಿರುಗಿಯೂ ನೋಡಲಿಲ್ಲ. ಮತ್ತೆ ಒತ್ತಿದೆ. ಅಯ್ಯೋ, ಇನ್ನೂ ಒಂದು ಹೆಜ್ಜೆ ಮುಂದಿಟ್ಟ, ನೊರೀನ್!

ಸದ್ಯ, ಈ ಕಡೆ ಬರುತ್ತಿದ್ದಾನೆ. ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಮೊಣಕಾಲು ನೋವು ಬೇಗ ವಾಸಿಯಾಗಲಿ. ದೇವರು ನಿನ್ನನ್ನೂ ನಿನ್ನ ತಂಗಿಯ ಮನೆಯವರನ್ನೂ ತಣ್ಣಗಿಟ್ಟಿರಲಿ.

ನಿನ್ನ
ವಿಲ್ಮಾ

ತಾ.ಕ.: ಅವನು ಟ್ರಕ್ಕಿನ ಹಿಂದೆ ಬಟ್ಟೆ ಬದಲಿಸುತ್ತಿದ್ದಾನೆ. "ಏನಾದ್ರೂ ಸಿಕ್ತಾ?" ಅಂತ ಕೇಳಿದೆ. "ಒಂದು ಬಂದು ಮುಟ್ಟಿ ಹೋಯ್ತು" ಅಂದ. ದಾರದ ತುದಿಯಲ್ಲಿ ಗಾಳವೇ ಇರಲಿಲ್ಲ. ಕಿತ್ತುಹೋಗಿರಬೇಕು ಎಂದುಕೊಂಡೆ. ಆದರೆ ಅವನ ಗಾಳಗಳ ಡಬ್ಬಿ ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ನನ್ನ ಪಕ್ಕದ ಸೀಟಿನಲ್ಲೇ ಇದೆ, ಮುಚ್ಚಳ ಕೂಡ ತೆಗೆದಿಲ್ಲ. ಗಾಳ ಕಟ್ಟದೆಯೇ ನೀರಿಗಿಳಿದಿದ್ದಾನೆ. ಅವನು ಅಲ್ಲಿಗೆ ಹೋಗುತ್ತಿರುವುದು ಮೀನಿಗಲ್ಲ ಕಣೇ. ನಾನು ಕೇಳಿದರೆ ಆ ಕೋಲು ಕೊಡುವುದಿಲ್ಲ. ಕೊಟ್ಟವಳು ನೀನು, ನೀನೇ ವಾಪಸ್ ಕೇಳು.