ಸೇವಕ ಯಾರು ಎಂದು ಕೇಳಿದ ತಬಿತಮ್ಮಜ್ಜಿಗೆ

ಬೆಟಗೇರಿ, ಶುಭ ಶುಕ್ರವಾರದ ಹಿಂದಿನ ದಿನ, ಕ್ರಿ.ಶ. ೨೪೧೮

ಪ್ರೀತಿಯ ತಬಿತಮ್ಮಜ್ಜಿ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ಈಚಿನ ನಾಲ್ಕು ಶತಮಾನದಲ್ಲಿ ಮಾತು ಒಂದಿಷ್ಟು ಸವೆದಿದೆ. ನಿಮಗೀಗ ಮೂವತ್ತೆರಡು, ನನಗೆ ಎಪ್ಪತ್ತು. ಆದರೂ ಅಜ್ಜಿ ನೀವೇ, ಏನು ಮಾಡುವುದು.

ನಿಮ್ಮ ಸಂಡೇಸ್ಕೂಲ್ ನೋಟ್‌ಬುಕ್ ನನ್ನ ಮುಂದಿದೆ. ಹೀಬ್ರೂ ಪ್ರವಾದಿ ಹೇಳಿದ ಸೇವಕನ ಪಾಠ: ಪರರ ತಪ್ಪಿಗೆ ತಾನು ಪೆಟ್ಟು ತಿಂದು, ತುಟಿ ಬಿಚ್ಚದೆ ಹೋದವನು. ಅವನು ಯೇಸುವೇ ಎಂದು ಮಕ್ಕಳಿಗೆ ಕಲಿಸಿದ್ದೀರಿ. ಆಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ: ಆ ಸೇವಕ ತಮ್ಮ ಇಡೀ ಜನವೇ ಎನ್ನುತ್ತಾರಂತೆ ಯೆಹೂದ್ಯರು, ಆ ಮಾತನ್ನು ಕಾಪಾಡಿಕೊಂಡು ಬಂದವರನ್ನು ಒಮ್ಮೆಯೂ ಕೇಳದೆ ನಾವು ಅರ್ಥ ಮುಗಿಸಬಹುದೇ? ಇಷ್ಟಕ್ಕೇ ಸಭೆಯ ಹಿರಿಯರು ನಿಮ್ಮಿಂದ ಪಾಠ ಹೇಳುವ ಕೆಲಸ ಕಿತ್ತುಕೊಂಡರು. ನಾಳೆ ಈ ನೋಟ್‌ಬುಕ್ಕನ್ನೇ ಹಂಡೆ ಒಲೆಗೆ ಹಾಕುತ್ತೇನೆ ಎಂದು ನೀವು ಬರೆದದ್ದನ್ನು ಓದಿ ನನಗೆ ಸಿಟ್ಟು ಬಂತು, ನಿಮ್ಮ ಮೇಲೂ.

ಇಲ್ಲಿ ಈಗ ‘ಜೋಡಿಮಣೆ’ ಎಂಬ ಪದ್ಧತಿಯಿದೆ, ನಿಮ್ಮ ಪ್ರಶ್ನೆಯಿಂದಲೇ ಹುಟ್ಟಿದ್ದು. ಶುಭ ಶುಕ್ರವಾರ ಎರಡು ಮಣೆ ಹಾಕುತ್ತೇವೆ. ಒಂದರಲ್ಲಿ ಸಭಾಪಾಲಕಿಯಾದ ನಾನು, ಇನ್ನೊಂದರಲ್ಲಿ ಯೆಹೂದ್ಯ ಅತಿಥಿ. ಒಂದೇ ಭಾಗವನ್ನು ಇಬ್ಬರೂ ಓದಿ ಅರ್ಥ ಹೇಳಬೇಕು. ಮೊದಲ ವರ್ಷ ಬೆಳಗಾವಿಯಿಂದ ಶೋಶನ್ನಾ ಪೇಣ್‌ಕರ್ ತೂಗುಬಂಡಿಯಲ್ಲಿ, ಅಂದರೆ ತಂತಿಗೆ ಜೋತು ಓಡುವ ಬಸ್ಸಿನಲ್ಲಿ, ಬಂದಿಳಿದರು. ನಮ್ಮ ಅಡುಗೆಯ ಯೋಬಪ್ಪ ಸಂಭ್ರಮದಿಂದ ಬಿಸಿ ಬನ್ನು ತಂದಿಟ್ಟ. ಅವರಿಗದು ಪಸ್ಕ ಹಬ್ಬ. ಆ ದಿನಗಳಲ್ಲಿ ಹುಳಿ ಬಂದು ಉಬ್ಬಿದ ರೊಟ್ಟಿ ಮುಟ್ಟುವಂತಿಲ್ಲ. ವರ್ಷಾ ವರ್ಷಾ ಪಸ್ಕದ ಕಥೆ ಓದುವ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾಚಿ ನೀರಾದೆವು. ಆಕೆ ನಕ್ಕುಬಿಟ್ಟರು.

“ಬನ್ನು ಒಳಗ ಒಯ್ರಿ ಯೋಬಪ್ಪನವರ, ಪ್ರಶ್ನಿ ಇಲ್ಲೇ ಇರಲಿ.”

ಬಾಳೆಹಣ್ಣು ತಿನ್ನುತ್ತಾ, ದೇಶ ದೇಶ ಅಲೆದು ಪೆಟ್ಟು ತಿಂದ ತಮ್ಮ ಜನದ ಕಥೆ ಹೇಳಿದರು. ಸೇವಕನನ್ನು ಕೊಂಡಾಡುತ್ತಲೇ ಅವರಿಗೆ ಹೊಡೆದವರಲ್ಲಿ ಕ್ರೈಸ್ತರೂ ಇದ್ದರಲ್ಲ, ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ನನ್ನದನ್ನು ಹೇಳಿದೆ: ಯೇಸುವಿನ ಮೊದಲ ಶಿಷ್ಯರೂ ಯೆಹೂದ್ಯರೇ. ಶಿಲುಬೆಯ ದುಃಖಕ್ಕೆ ಮಾತು ಸಿಗದೆ ತಮ್ಮ ಹಳೆಯ ಪ್ರವಾದಿಯಲ್ಲಿ ಹುಡುಕಿದರು, ಅಲ್ಲಿಯ ಸೇವಕನಲ್ಲಿ ಯೇಸುವನ್ನೇ ಕಂಡರು. ನಾನೂ ಕಾಣುತ್ತೇನೆ. ಆ ದಿನ ಯಾರೂ ಸೋಲಲಿಲ್ಲ.

ಈಗ ನನ್ನ ಕೋರಿಕೆ. ನೋಟ್‌ಬುಕ್ಕಿನ ಒಂದು ಮೂಲೆ ಸುಟ್ಟಿದೆ. ಅಂದರೆ ಒಲೆಗೆ ಹಾಕಿದಿರಿ, ಮನಸ್ಸು ತಡೆಯದೆ ಎಳೆದುಕೊಂಡಿರಿ. ಕೊನೆಯ ಪುಟದಲ್ಲಿ ಎಡಗೈಯ ಸೊಟ್ಟ ಅಕ್ಷರದಲ್ಲಿ ನೀವೇ ಬರೆದಿದ್ದೀರಿ, ಬಲಗೈಗೆ ಬೊಬ್ಬೆ ಎದ್ದಿದೆ ಎಂದು. ಪ್ರತಿ ವರ್ಷ ನಾನು ಮಣೆಯ ಮೇಲೆ ಕೂತು ಮೊದಲು ಓದುವುದು ಆ ಪುಟವನ್ನೇ.

ಆದರೆ ಅಜ್ಜಿ, ಈ ಪತ್ರ ನಿಮ್ಮ ಕೈ ಸೇರುವಾಗ ನಿಮ್ಮ ಆ ನಾಳೆ ಇನ್ನೂ ಬಂದಿರುವುದಿಲ್ಲ. ನನಗೆ ಓದಲು ಆ ಪುಟ ಇಲ್ಲದೆ ಹೋದರೂ ಸರಿ, ನಮಗಾಗಿ ನೀವು ಕೈ ಸುಟ್ಟುಕೊಳ್ಳಬೇಡಿ. ಒಲೆಯಿಂದ ಎಳೆಯುವಾಗ ಇಕ್ಕಳ ಹಿಡಿಯಿರಿ.

ನಿಮ್ಮ ಕುಡಿ,
ಸುಗುಣಾ ಹನೋಕ